ಕಬ್, ಬುಲ್ಬುಲ್‌ಗೆ ಮಕ್ಕಳನ್ನು ಸೇರಿಸಿದರೆ ಮನೆಯವರೂ ಸೇರಿದ ಹಾಗೆ

ಪ್ರಶ್ನೆ: ನಾವು ತುಮಕೂರಿನಲ್ಲಿದ್ದೇವೆ. ಮಗನಿಗೆ 8 ವರ್ಷ, ಮಗಳಿಗೆ 5 ತುಂಬಿ 6 ನಡೆಯುತ್ತಿದೆ. ಸ್ಕೌಟ್ಸ್ ಅಂಡ್ ಗೈಡ್ಸ್‌ನ ಚಿಕ್ಕ ಮಕ್ಕಳ ಗುಂಪಿಗೆ, ಅಂದರೆ ಹುಡುಗರನ್ನು ಕಬ್‌ಗೆ, ಹುಡುಗಿಯರನ್ನು ಬುಲ್ಬುಲ್‌ಗೆ ಸೇರಿಸಬಹುದು ಅಂತ ಶಾಲೆಯಿಂದ ಚೀಟಿ ಬಂದಿದೆ. ಅಲ್ಲಿ ಏನು ಮಾಡಿಸುತ್ತಾರೆ? ಬರೀ ಪೆರೇಡಾ? ಇಷ್ಟು ಚಿಕ್ಕ ವಯಸ್ಸಿಗೆ ಇದು ಬೇಕಾ? ಮಗ ತುಂಬಾ ಸಂಕೋಚದವನು, ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ. ಅಮೆರಿಕದಲ್ಲಿರುವ ನನ್ನ ನಾದಿನಿ ಅವರ ಮಗನ ಜೊತೆ ತಾವೂ ಹೋಗುತ್ತಾರಂತೆ. ಇಲ್ಲೂ ಹಾಗೇನಾ? ನಾವಿಬ್ಬರೂ ಕೆಲಸಕ್ಕೆ ಹೋಗುವವರು.

ಉತ್ತರ:

ಸೇರಿಸಿ. ಇಬ್ಬರನ್ನೂ ಸೇರಿಸಿ. ಆದರೆ ಚೀಟಿಗೆ ಸಹಿ ಹಾಕುವ ಮೊದಲು ಒಂದು ಮಾತು. ಟ್ಯೂಷನ್‌ಗೆ, ಡ್ಯಾನ್ಸ್ ಕ್ಲಾಸಿಗೆ ಬಿಟ್ಟು ಬಂದ ಹಾಗೆ ಬಿಟ್ಟು ಬಂದರೆ ಇದರಿಂದ ಏನೂ ಸಿಗುವುದಿಲ್ಲ. ವಾರಕ್ಕೆ ಒಂದು ಗಂಟೆ ದಳದಲ್ಲಿ ಕಲಿಸುತ್ತಾರೆ. ಕಲಿತದ್ದು ಮೈಗೆ ಹತ್ತುವುದು ಉಳಿದ ದಿನಗಳಲ್ಲಿ, ನಿಮ್ಮ ಅಡುಗೆಮನೆಯಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ, ಬಟ್ಟೆ ಒಣಹಾಕುವ ತಂತಿಯ ಹತ್ತಿರ. ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿಕೊಂಡೇ 18 ವರ್ಷ ಬುಲ್ಬುಲ್ ದಳ ನಡೆಸಿದವಳು, ನಡುವೆ ಕೆಲವು ವರ್ಷ ಕಬ್ ದಳವನ್ನೂ ನೋಡಿಕೊಂಡೆ. ಯಾವ ಮಗುವಿನ ಮನೆಯಲ್ಲಿ ಇದು ನಡೆಯುತ್ತಿದೆ, ಯಾರ ಮನೆಯಲ್ಲಿ ನಡೆಯುತ್ತಿಲ್ಲ ಅನ್ನುವುದು ಎರಡೇ ತಿಂಗಳಲ್ಲಿ ಗೊತ್ತಾಗಿಬಿಡುತ್ತಿತ್ತು.

ಮೊದಲು ಯಾರು ಎಲ್ಲಿಗೆ ಸೇರುತ್ತಾರೆ ಅಂತ ಹೇಳಿಬಿಡುತ್ತೇನೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ವಯಸ್ಸಿನ ಪ್ರಕಾರ ಗುಂಪು ಬೇರೆ ಬೇರೆ. ತೀರಾ ಪುಟಾಣಿಗಳಿಗೆ, 3 ವರ್ಷದಿಂದಲೇ, ಬನ್ನಿ (ಇಂಗ್ಲಿಷಿನಲ್ಲಿ ಪುಟ್ಟ ಮೊಲ) ಅಂತ ಒಂದು ವಿಭಾಗ ಇದೆ. ಅಲ್ಲಿ ಹಾಡು, ಆಟ, ಬಣ್ಣ ಅಷ್ಟೇ. 5ರಿಂದ 10 ವರ್ಷದ ಹುಡುಗರು ಕಬ್, ಅದೇ ವಯಸ್ಸಿನ ಹುಡುಗಿಯರು ಬುಲ್ಬುಲ್. 10 ಆದ ಮೇಲೆ ಸ್ಕೌಟ್ ಮತ್ತು ಗೈಡ್, ಕಾಲೇಜು ವಯಸ್ಸಿಗೆ ರೋವರ್ ಮತ್ತು ರೇಂಜರ್. ಹಾಗಾಗಿ ನಿಮ್ಮ ಮಗ ಕಬ್ ದಳಕ್ಕೆ, ಮಗಳು ಬುಲ್ಬುಲ್ ದಳಕ್ಕೆ. ಕಬ್ ದಳ ನಡೆಸುವವರನ್ನು ಕಬ್ ಮಾಸ್ಟರ್ ಅಂತಾರೆ, ಬುಲ್ಬುಲ್ ದಳದವರನ್ನು ಫ್ಲಾಕ್ ಲೀಡರ್ ಅಂತಾರೆ. ಕಬ್ ದಳವನ್ನು ಮೇಡಂಗಳೂ ನಡೆಸುತ್ತಾರೆ, ಈ ವಯಸ್ಸಿನ ಹುಡುಗರಿಗೆ ಅದು ಚೆನ್ನಾಗಿಯೇ ಹೊಂದುತ್ತದೆ.

ಇಷ್ಟು ಚಿಕ್ಕ ವಯಸ್ಸಿಗೆ ಬೇಕಾ ಅಂತ ಕೇಳಿದ್ದೀರಿ. ಈ ಪ್ರಶ್ನೆ ನೂರು ವರ್ಷದ ಹಿಂದೆಯೇ ಬಂದಿತ್ತು. ಸ್ಕೌಟಿಂಗ್ ಶುರುಮಾಡಿದ ಬೇಡನ್ ಪೊವೆಲ್ 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ಮಾಡಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ದೊಡ್ಡ ಹುಡುಗರು. ಆದರೆ ಅಣ್ಣ ಸ್ಕಾರ್ಫ್ ಕಟ್ಟಿಕೊಂಡು ಹೊರಟರೆ ತಮ್ಮ ಮನೆಯಲ್ಲಿ ಸುಮ್ನೆ ಕೂರುತ್ತಾನಾ? ಪುಟ್ಟ ಹುಡುಗರು ಹಿಂದೆ ಹಿಂದೆ ಬಂದು ನಿಲ್ಲತೊಡಗಿದರು. ಕೊನೆಗೆ 1916ರಲ್ಲಿ ಅವರಿಗೇ ಅಂತ ಕಬ್ ವಿಭಾಗ ಶುರುವಾಯಿತು. ನನಗೆ ತುಂಬಾ ಇಷ್ಟವಾಗುವುದು ಏನು ಅಂದರೆ, ದೊಡ್ಡವರ ಕೆಲಸವನ್ನೇ ಚಿಕ್ಕದು ಮಾಡಿ ಮಕ್ಕಳ ತಲೆ ಮೇಲೆ ಹೊರಿಸಲಿಲ್ಲ. ಕಥೆ ಕೊಟ್ಟರು. ಕಿಪ್ಲಿಂಗ್ ಬರೆದ ಕಾಡಿನ ಕಥೆಯಲ್ಲಿ ಮೋಗ್ಲಿ ಅನ್ನುವ ಹುಡುಗ ತೋಳಗಳ ಹಿಂಡಿನಲ್ಲಿ ಬೆಳೆಯುತ್ತಾನಲ್ಲ, ಅದನ್ನು ಕಿಪ್ಲಿಂಗ್ ಅವರ ಒಪ್ಪಿಗೆ ಪಡೆದು ಕಬ್‌ಗಳಿಗೆ ತಂದರು. ಅದಕ್ಕೇ ಕಬ್ ಮಾಸ್ಟರ್‌ಗೆ ಮಕ್ಕಳು ಅಕೇಲಾ ಅನ್ನುವುದು, ಅದು ಆ ಹಿಂಡಿನ ನಾಯಕ ತೋಳದ ಹೆಸರು. ನಮ್ಮ ಬುಲ್ಬುಲ್‌ಗಳಿಗೆ ತಾರಾ ಅನ್ನುವ ಹುಡುಗಿಯ ಕಥೆ ಇದೆ. 6 ವರ್ಷದ ಮಗುವಿಗೆ ಶಿಸ್ತು ಅಂದರೆ ಅರ್ಥ ಆಗುವುದಿಲ್ಲ, ಹಿಂಡು ಅಂದರೆ ಅರ್ಥ ಆಗುತ್ತದೆ.

ಇನ್ನು ವಾರದ ಕೂಟ ಹೇಗಿರುತ್ತದೆ ನೋಡಿ. ಮಕ್ಕಳು ವೃತ್ತವಾಗಿ ನಿಲ್ಲುತ್ತಾರೆ. ಸಾಲಲ್ಲ, ವೃತ್ತ, ಯಾಕೆಂದರೆ ಸಾಲಿನಲ್ಲಿ ಹಿಂದೆ ಒಬ್ಬ ಇರುತ್ತಾನೆ, ವೃತ್ತದಲ್ಲಿ ಯಾರೂ ಹಿಂದಿಲ್ಲ. ಪ್ರಾರ್ಥನೆ ಆಗುತ್ತದೆ, ಧ್ವಜ ಏರುತ್ತದೆ. ಕಬ್‌ಗಳಾದರೆ ಕುಕ್ಕರಗಾಲಲ್ಲಿ ಕೂತು, ಎದ್ದು, ಕೈಲಾದಷ್ಟು ಮಾಡುತ್ತೇವೆ ಅಂತ ಅಕೇಲಾಗೆ ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಕಬ್, ಬುಲ್ಬುಲ್ ಇಬ್ಬರ ಧ್ಯೇಯವಾಕ್ಯವೂ ಅದೇ, ಕೈಲಾದಷ್ಟು ಮಾಡು. ಎಲ್ಲರಿಗಿಂತ ಚೆನ್ನಾಗಿ ಮಾಡು ಅಂತ ಅಲ್ಲ. ಇದನ್ನು ಅಪ್ಪ ಅಮ್ಮಂದಿರಿಗೆ ನಾನು ಪ್ರತಿ ವರ್ಷ ಎರಡೆರಡು ಸಲ ಹೇಳುತ್ತಿದ್ದೆ.

ಆಮೇಲೆ ತಪಾಸಣೆ. ಉಗುರು, ಹಲ್ಲು, ಕರ್ಚೀಫು, ಶೂ. ಆರಾರು ಮಕ್ಕಳ ಚಿಕ್ಕ ಗುಂಪು ಇರುತ್ತದೆ, ಅದನ್ನು ಸಿಕ್ಸ್ ಅಂತಾರೆ, ಅದರ ಮುಂದಾಳು ಸಿಕ್ಸರ್, ಅವನ ಕೈಕೆಳಗೆ ಒಬ್ಬ ಸೆಕೆಂಡ್. ಉಗುರು ನೋಡುವುದು ಮೊದಲು ಆ ಸಿಕ್ಸರ್ ಮಗುವೇ. ನೀವು ಮನೆಯಲ್ಲಿ ಹತ್ತು ಸಲ ಹೇಳಿದರೂ ಉಗುರು ಕತ್ತರಿಸಿಕೊಳ್ಳದವನು, ತನ್ನದೇ ವಯಸ್ಸಿನ ಸಿಕ್ಸರ್ ಒಂದು ಸಲ ಬೆರಳು ಹಿಡಿದು ನೋಡಿದರೆ ಮುಂದಿನ ವಾರ ತಾನೇ ಕತ್ತರಿ ಕೇಳುತ್ತಾನೆ. ಆಮೇಲೆ ಆಟ, ಒಂದು ಕಥೆ, ಒಂದು ಹೊಸ ಕೆಲಸ, ಹಾಡು, ತರತರದ ಚಪ್ಪಾಳೆ. ಮಳೆ ಚಪ್ಪಾಳೆ ಅಂತ ಒಂದಿದೆ: ಒಂದೇ ಬೆರಳಿನಿಂದ ಶುರುಮಾಡಿ, ಎರಡು, ಮೂರು ಅಂತ ಹೋಗಿ ಇಡೀ ಅಂಗೈಗೆ ಬಂದಾಗ ನಿಜವಾಗಿಯೂ ಹೆಂಚಿನ ಮೇಲೆ ಮಳೆ ಸುರಿದ ಹಾಗೆ ಕೇಳುತ್ತದೆ. ನಿಮ್ಮ ಮಗಳು ಮೊದಲ ದಿನವೇ ಅದನ್ನು ಮನೆಗೆ ತರುತ್ತಾಳೆ, ರಾತ್ರಿ ಮಲಗುವ ತನಕ ಬಿಡುವುದಿಲ್ಲ.

ಈಗ ಆ ಹೊಸ ಕೆಲಸದ ಮಾತು, ನಾನು ಹೇಳಬೇಕಾದ್ದೆಲ್ಲ ಇಲ್ಲೇ ಇದೆ. ಒಂದು ಗಂಟನ್ನೇ ತಗೊಳ್ಳಿ. ರೀಫ್ ಗಂಟು ಅಂತ, ಬ್ಯಾಂಡೇಜ್ ಕಟ್ಟುವಾಗ ಹಾಕುವ ಚಪ್ಪಟೆ ಗಂಟು. ಒಂದು ಕೆಂಪು ಹಗ್ಗ, ಒಂದು ಬಿಳಿ ಹಗ್ಗ ಕೊಡುತ್ತೇವೆ. ಎಡಗೈಯದು ಬಲಗೈಯದರ ಮೇಲೆ ಬಂದು ಕೆಳಗೆ ನುಸುಳಬೇಕು, ಆಮೇಲೆ ಬಲದ್ದು ಎಡದ್ದರ ಮೇಲೆ ಬರಬೇಕು. ಸರಿ ಬಂದರೆ ಎರಡು ಕುಣಿಕೆ ಒಂದರೊಳಗೊಂದು ಕೂತು ಚಪ್ಪಟೆಯಾಗಿ ನಿಲ್ಲುತ್ತವೆ, ಕೆಂಪಿನ ಎರಡೂ ಎಳೆ ಒಂದೇ ಕಡೆ ಜೊತೆಯಾಗಿ ಹೋಗುತ್ತವೆ. ಎರಡನೇ ಸಲವೂ ಎಡದ್ದನ್ನೇ ಮೇಲೆ ತಂದರೆ ಗಂಟು ಅಡ್ಡ ತಿರುಗುತ್ತದೆ, ಎಳೆದರೆ ಜಾರುತ್ತದೆ. ದೊಡ್ಡವರಿಗೆ ಇದು ಅರ್ಧ ನಿಮಿಷದ ಕೆಲಸ. 6 ವರ್ಷದ ಮಗುವಿಗೆ ಮೂರು ವಾರ. ಆ ಮೂರು ವಾರ ಮಗು ಮನೆಯಲ್ಲಿ ಕಿಟಕಿ ಸರಳಿಗೆ, ಮಂಚದ ಕಾಲಿಗೆ, ಅಜ್ಜಿಯ ಸೆರಗಿಗೆ ಗಂಟು ಹಾಕುತ್ತಾ ತಪ್ಪು ಮಾಡುತ್ತಲೇ ಇರುತ್ತದೆ. ಕೊಡು ಇಲ್ಲಿ ಅಂತ ಕಿತ್ತುಕೊಳ್ಳಬೇಕು ಅಂತ ನಿಮಗೆ ತುಂಬಾ ಅನ್ನಿಸುತ್ತದೆ. ಕಿತ್ತುಕೊಳ್ಳಬೇಡಿ.

ಒಂದು ಸಲ ಹೀಗಾಯಿತು. ಬುಲ್ಬುಲ್‌ಗಳಿಗೆ ಗುಂಡಿ ಹೊಲಿಯುವ ಕೆಲಸ ಕೊಟ್ಟಿದ್ದೆ, ಮನೆಯಲ್ಲಿ ಕಲಿತು ಬಟ್ಟೆ ಚೂರಿನ ಮೇಲೆ ಒಂದು ಗುಂಡಿ ಹೊಲಿದುಕೊಂಡು ಬರಬೇಕು. ಒಂದು ಮಗು ತಂದ ಗುಂಡಿ ಟೈಲರ್ ಅಂಗಡಿಯದರ ಹಾಗಿತ್ತು. ಹಿಂದೆ ದಾರದ ಗುಡ್ಡೆ ಇಲ್ಲ, ಬುಡಕ್ಕೆ ನೀಟಾಗಿ ಸುತ್ತು ಬಂದಿದೆ. ನಾನು ಜೋರು ಮಾಡಲಿಲ್ಲ, ಇನ್ನೊಂದು ಹೊಲಿ ಪುಟ್ಟಿ ನೋಡೋಣ ಅಂದೆ ಅಷ್ಟೇ. ಸೂಜಿ ಹಿಡಿದುಕೊಂಡು ನಿಂತಳು. ದಾರ ಪೋಣಿಸೋಕೂ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು, ಅಮ್ಮ ಬೇಗ ಆಗಲಿ ಅಂತ ಮಾಡಿಕೊಟ್ಟರು ಅಂದಳು. ಆ ತಾಯಿಯದೂ ತಪ್ಪು ಅಂತ ಹೇಳಲಾರೆ, ಬೆಳಗ್ಗೆ ಡಬ್ಬಿ ಕಟ್ಟುವ ಹೊತ್ತಿಗೆ ಮಗು ಸೂಜಿ ತಂದು ನಿಂತರೆ ಯಾರಾದರೂ ಹಾಗೇ ಮಾಡುತ್ತಾರೆ. ಅವರನ್ನು ಕರೆದು ಮಾತಾಡಿದೆ. ಭಾನುವಾರ ಕೂರಿಸಿಕೊಳ್ಳಿ, ನೀವು ಮುಟ್ಟಬೇಡಿ, ಪಕ್ಕದಲ್ಲಿ ಇನ್ನೊಂದು ಗುಂಡಿ ನೀವು ಹೊಲಿಯಿರಿ, ಅವಳು ನೋಡಿಕೊಂಡು ತನ್ನದು ಹೊಲಿಯಲಿ ಅಂದೆ. ಒಂದು ತಿಂಗಳ ಮೇಲೆ ಬಂದ ಗುಂಡಿ ಜೋತಾಡುತ್ತಿತ್ತು, ಹಿಂದೆ ದಾರ ಉಂಡೆ ಕಟ್ಟಿತ್ತು, ನಾಲ್ಕು ತೂತಿನಲ್ಲಿ ಮೂರಕ್ಕೆ ಮಾತ್ರ ದಾರ ಹೋಗಿತ್ತು. ಪಾಸ್ ಮಾಡಿದೆ. ಅದರ ಹೊಲಿಗೆ ಒಂದೊಂದೂ ಅವಳದ್ದೇ ಆಗಿತ್ತು.

ನಿಮ್ಮಿಂದ ಬೇಕಾದ್ದು ಇದೇ. ಹಣವೂ ಅಲ್ಲ, ಜಾಸ್ತಿ ಸಮಯವೂ ಅಲ್ಲ. ಮಗುವಿಗೆ ಮನೆಯಲ್ಲಿ ನಿಜವಾದ ಒಂದು ಕೆಲಸ ಕೊಡಬೇಕು, ಅದನ್ನು ಅದು ಕೆಟ್ಟದಾಗಿ ಮಾಡಿದರೂ ಸಹಿಸಿಕೊಳ್ಳಬೇಕು. ಆಟದ ಕೆಲಸ ಬೇಡ, ಅದು ಮಾಡದೆ ಇದ್ದರೆ ಮನೆಗೆ ತೊಂದರೆ ಆಗುವಂಥ ಕೆಲಸ ಇರಲಿ. ಕುಡಿಯುವ ನೀರಿನ ಬಾಟಲಿ ತುಂಬಿಸುವುದು, ತಟ್ಟೆ ಲೋಟ ಹಾಕುವುದು, ತುಳಸಿಗೆ ನೀರು, ಒಣಗಿದ ಕಾಲುಚೀಲ ಜೋಡಿ ಮಾಡಿ ಮಡಚುವುದು. ನೀವು ಇಬ್ಬರೂ ಕೆಲಸಕ್ಕೆ ಹೋಗುವವರು ಅಂದಿರಿ, ನಿಜ ಹೇಳಬೇಕು ಅಂದರೆ ಅಂಥ ಮನೆಯಲ್ಲೇ ಇದು ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಅಲ್ಲಿ ಕೆಲಸ ನಿಜವಾಗಿಯೂ ಬಾಕಿ ಇರುತ್ತದೆ. ದಿನಕ್ಕೆ ಹತ್ತು ನಿಮಿಷ ಪಕ್ಕದಲ್ಲಿ ಇದ್ದರೆ ಸಾಕು. ಮತ್ತೆ, ಇದು ಅಮ್ಮನ ಪಾಲಿನದು ಅಂತ ಅಪ್ಪ ಪೇಪರ್ ಹಿಡಿದು ಕೂರುವುದು ಬೇಡ. ಶೂ ಪಾಲಿಶ್, ಸೈಕಲ್ಲಿಗೆ ಗಾಳಿ, ಹಗ್ಗ, ದಿಕ್ಕು ಗುರುತಿಸುವುದು, ಇದನ್ನೆಲ್ಲ ಹೇಳಿಕೊಡುತ್ತಾ ಮಗನ ಜೊತೆ ಮೊದಲ ಸಲ ಅಷ್ಟು ಹೊತ್ತು ಕೂತೆ ಅಂತ ಹೇಳಿದ ಅಪ್ಪಂದಿರನ್ನು ನಾನು ನೋಡಿದ್ದೇನೆ.

ದಿನಕ್ಕೊಂದು ಒಳ್ಳೆ ಕೆಲಸ ಅನ್ನುವುದು ಮಕ್ಕಳು ಮಾಡುವ ಪ್ರತಿಜ್ಞೆಯಲ್ಲೇ ಇದೆ. ದೇವರಿಗೆ ಮತ್ತು ದೇಶಕ್ಕೆ ನನ್ನ ಕರ್ತವ್ಯ ಮಾಡಲು, ಕಬ್ ನಿಯಮ ಪಾಲಿಸಲು, ದಿನಾ ಒಂದು ಒಳ್ಳೆ ಕೆಲಸ ಮಾಡಲು ಕೈಲಾದಷ್ಟು ಪ್ರಯತ್ನ ಮಾಡುತ್ತೇನೆ ಅನ್ನುವುದು ಅದರ ಸಾರ. ದೇವರು ಅನ್ನುವ ಕಡೆ ಬೇಕಿದ್ದವರು ಧರ್ಮ ಅನ್ನಬಹುದು, ಅದಕ್ಕೆ ಅವಕಾಶ ಇದೆ. ಎಲ್ಲ ಮತದ ಮಕ್ಕಳೂ ಒಂದೇ ವೃತ್ತದಲ್ಲಿ ನಿಲ್ಲುತ್ತಾರೆ. ಆ ಒಳ್ಳೆ ಕೆಲಸ ಮರೆಯದಿರಲಿ ಅಂತ ಸ್ಕಾರ್ಫಿನ ತುದಿಗೋ ಕರ್ಚೀಫಿಗೋ ಒಂದು ಗಂಟು ಹಾಕಿಕೊಂಡು, ಕೆಲಸ ಆದ ಮೇಲೆ ಬಿಚ್ಚುವುದು ಹಳೇ ಸ್ಕೌಟ್ ರೂಢಿ. ಮನೆಯಲ್ಲಿ ಇದನ್ನು ಮಾಡಿಸಿ. ಆದರೆ ಸಂಜೆ ಬಂದ ತಕ್ಷಣ ಇವತ್ತು ಏನು ಒಳ್ಳೆ ಕೆಲಸ ಮಾಡಿದೆ ಹೇಳು ಅಂತ ಲೆಕ್ಕ ಕೇಳಬೇಡಿ. ಕೇಳಿದರೆ ಮಗು ಸುಳ್ಳು ಹೇಳುವುದನ್ನು ಕಲಿಯುತ್ತದೆ. ಗಂಟು ಬಿಚ್ಚಿದೆಯಾ ಇಲ್ಲವಾ ಅಂತ ಕಣ್ಣಲ್ಲಿ ನೋಡಿ, ಸುಮ್ಮನಿರಿ.

ಕಬ್ ನಿಯಮಗಳು ಎರಡೇ. ಹಿರಿಯರ ಮಾತು ಕೇಳುವುದು ಒಂದು, ಸ್ವಚ್ಛವಾಗಿ, ವಿನಯವಾಗಿ ಇರುವುದು ಇನ್ನೊಂದು. ಮೊದಲನೆಯದನ್ನು ಹೇಳಿಕೊಡುವಾಗ ನಾನು ಯಾವಾಗಲೂ ಒಂದು ಮಾತು ಸೇರಿಸುತ್ತಿದ್ದೆ, ನೀವೂ ಸೇರಿಸಿ: ಯಾರಾದರೂ ನಿನಗೆ ಬೇಡವಾದ ಹಾಗೆ ಮುಟ್ಟಿದರೆ, ಅಮ್ಮನಿಗೆ ಹೇಳಬೇಡ ಅಂದರೆ, ಅವರು ಎಷ್ಟೇ ಹಿರಿಯರಾದರೂ ಅವರ ಮಾತು ಕೇಳಬೇಕಿಲ್ಲ, ಓಡಿ ಬಂದು ನಮಗೆ ಹೇಳು. ಇದನ್ನು ಹೇಳದೆ ಬರೀ ಹಿರಿಯರ ಮಾತು ಕೇಳು ಅಂತ ಕಲಿಸುವುದು ಅಪಾಯ.

ನಿಮ್ಮ ನಾದಿನಿ ಹೇಳಿದ್ದು ನಿಜ. ಅಮೆರಿಕದಲ್ಲಿ ಇದನ್ನು ಬಹಳ ಮಟ್ಟಿಗೆ ಅಪ್ಪ ಅಮ್ಮಂದಿರೇ ನಡೆಸುತ್ತಾರೆ. ಅಲ್ಲಿನ ಬಾಯ್ ಸ್ಕೌಟ್ಸ್ ಸಂಸ್ಥೆಗೆ 2025ರಿಂದ ಸ್ಕೌಟಿಂಗ್ ಅಮೆರಿಕ ಅಂತ ಹೆಸರು. ಕಬ್‌ಗೆ ಅಲ್ಲಿ ಶಿಶುವಿಹಾರದಿಂದ 5ನೇ ಕ್ಲಾಸಿನ ತನಕದ ಮಕ್ಕಳು ಸೇರುತ್ತಾರೆ, 2018ರಿಂದ ಹುಡುಗಿಯರೂ ಇದ್ದಾರೆ. ಒಂದೊಂದು ಕ್ಲಾಸಿನ ಮಕ್ಕಳದ್ದು ಒಂದು ಚಿಕ್ಕ ಗುಂಪು, ಅದನ್ನು ಡೆನ್ ಅಂತಾರೆ. ನಡೆಸುವವರು ಸಾಮಾನ್ಯವಾಗಿ ಅದೇ ಗುಂಪಿನ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ. ಲಯನ್, ಟೈಗರ್ ಅನ್ನುವ ತೀರಾ ಚಿಕ್ಕ ಮಕ್ಕಳ ಜೊತೆ ಮನೆಯ ದೊಡ್ಡವರೊಬ್ಬರು ಪ್ರತಿ ಕೂಟಕ್ಕೂ ಇರಲೇಬೇಕು ಅನ್ನುವುದು ನಿಯಮ. ಅಲ್ಲಿರುವ ನಮ್ಮ ಕನ್ನಡದ ಕುಟುಂಬಗಳಿಗೆ ಅಕ್ಕಪಕ್ಕದವರ ಪರಿಚಯ ಆಗೋಕೆ ಇದು ಒಳ್ಳೆ ದಾರಿಯೂ ಹೌದು. ನಮ್ಮಲ್ಲಿ ಹಾಗಲ್ಲ, ಇಲ್ಲಿ ಹೆಚ್ಚಿನ ದಳಗಳು ಶಾಲೆಯಲ್ಲೇ ಇವೆ, ನಡೆಸುವವರು ಟೀಚರುಗಳು. ಹಾಗಾಗಿ ನೀವು ಪ್ರತಿ ವಾರ ಹೋಗಿ ಕೂರಬೇಕಾಗಿಲ್ಲ.

ಅಲ್ಲಿಯದೊಂದು ವಿಷಯ ಹೇಳಬೇಕು. ಪೈನ್‌ವುಡ್ ಡರ್ಬಿ ಅಂತ ಮರದ ಪುಟಾಣಿ ಕಾರುಗಳ ಓಟ ಮಾಡುತ್ತಾರೆ, 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಶುರುವಾದದ್ದು. ಮಗುವಿಗೆ ಒಂದು ಮರದ ತುಂಡು, ನಾಲ್ಕು ಚಕ್ರ ಕೊಡುತ್ತಾರೆ. ಕೆತ್ತಿ, ಉಜ್ಜಿ, ಬಣ್ಣ ಹಚ್ಚಿ ಕಾರು ಮಾಡಬೇಕು, ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು. ಇಳಿಜಾರಿನ ಹಳಿ ಮೇಲೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಓಡುತ್ತದೆ. ಅಲ್ಲೂ ಇದೇ ಕಥೆ ನೋಡಿ, ಅಪ್ಪನೇ ರಾತ್ರಿ ಕೂತು ಕೆತ್ತಿದ ಕಾರು ನುಣ್ಣಗೆ ಹೊಳೆಯುತ್ತಾ ಮುಂದೆ ಓಡುತ್ತದೆ, ಮಗುವೇ ಮಾಡಿದ ವಾರೆ ಕಾರು ಹಿಂದೆ ಉಳಿಯುತ್ತದೆ. ನಾದಿನಿಗೆ ಫೋನ್ ಮಾಡಿದಾಗ ಹೇಳಿ, ವಾರೆ ಕಾರು ಮಾಡಿದ ಮಗುವಿಗೇ ಜಾಸ್ತಿ ಚಪ್ಪಾಳೆ ತಟ್ಟಲಿ. ಗರಗಸ ದೊಡ್ಡವರು ಹಿಡಿಯಲಿ, ಮರಳು ಕಾಗದ ಮಗು ಹಿಡಿಯಲಿ.

ಇನ್ನು ನಿಮ್ಮ ಮಗನ ಸಂಕೋಚ. ವೇದಿಕೆ ಹತ್ತಿಸಿ ಸಂಕೋಚ ಬಿಡಿಸುತ್ತೇವೆ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಕಬ್‌ನಲ್ಲಿ ವೇದಿಕೆ ಬೇಕಾಗಿಲ್ಲ. ಅವನ ಲೋಕ ಆರು ಮಕ್ಕಳ ಸಿಕ್ಸ್ ಅಷ್ಟೇ. ನನ್ನ ದಳದಲ್ಲಿ ಒಬ್ಬ ಹುಡುಗ ಇದ್ದ, ಸುಮಾರು ನಾಲ್ಕು ತಿಂಗಳು ಒಂದು ಮಾತಾಡಲಿಲ್ಲ. ಕೂಗುವಾಗಲೂ ಬಾಯಿ ಆಡಿಸುತ್ತಿದ್ದ, ದನಿ ಇಲ್ಲ. ಅವನಿಗೆ ಹಗ್ಗದ ಚೀಲದ ಜವಾಬ್ದಾರಿ ಕೊಟ್ಟೆ. ಹನ್ನೆರಡು ಹಗ್ಗ ಎಣಿಸಿ ಕೊಡುವುದು, ವಾಪಸ್ ಎಣಿಸಿ ಸುತ್ತಿ ಇಡುವುದು. ಒಂದು ದಿನ ಹನ್ನೊಂದೇ ಬಂತು. ಮೈದಾನದ ನಡುವೆ ನಿಂತು, ಯಾರ ಹತ್ರ ಇದೆ ಒಂದು, ಕೊಡ್ರೋ ಅಂತ ಕೂಗಿದ. ನಾವು ಕೇಳಿದ ಅವನ ಮೊದಲ ಗಟ್ಟಿ ದನಿ ಅದು. ಕಬ್ ಮಾಸ್ಟರ್ ಹತ್ತಿರ ಹೋಗಿ ಇವನು ಮಾತಾಡುವುದಿಲ್ಲ ಅಂತ ದೂರು ಹೇಳಬೇಡಿ, ಅದೂ ಅವನ ಎದುರಿಗೆ ಬೇಡವೇ ಬೇಡ. ಇವನಿಗೆ ಏನಾದರೂ ಸಾಮಾನು ನೋಡಿಕೊಳ್ಳೋಕೆ ಕೊಡಿ ಅಂತ ಕೇಳಿ. ಮೂರು ತಿಂಗಳು ಹೋದ ಮೇಲೂ ಹೋಗುವ ದಿನ ಹೊಟ್ಟೆನೋವು ಅಂತ ಅಳುತ್ತಿದ್ದರೆ ಬಿಡಿಸಿ, ಬಲವಂತ ಮಾಡಬೇಡಿ. ಮುಂದೆ 10 ತುಂಬಿದ ಮೇಲೆ ಸ್ಕೌಟ್‌ಗೆ ನೇರವಾಗಿಯೇ ಸೇರಬಹುದು, ಕಬ್ ಆಗಿರಲೇಬೇಕು ಅಂತ ಇಲ್ಲ.

ಬರೀ ಪೆರೇಡಾ ಅಂತ ಕೇಳಿದಿರಲ್ಲ, ಆ ಅನುಮಾನಕ್ಕೆ ಕಾರಣ ಇದೆ, ನನಗೆ ನೋವಾಗುವುದೂ ಅಲ್ಲೇ. ಕೆಲವು ಕಡೆ ಕಬ್, ಬುಲ್ಬುಲ್ ಅಂದರೆ ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಬಿಸಿಲಲ್ಲಿ ನಿಲ್ಲುವುದು, ಅತಿಥಿಗಳು ಬಂದಾಗ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುವುದು, ಹೂಗುಚ್ಛ ಕೊಡುವುದು, ಅಷ್ಟೇ. ಉಳಿದ ದಿನ ಯೂನಿಫಾರ್ಮು ಬೀರುವಿನಲ್ಲಿ. ನಾನೂ ಒಂದು ಸಮಾರಂಭದಲ್ಲಿ ಪುಟ್ಟ ಮಕ್ಕಳನ್ನು ಒಂದೂವರೆ ಗಂಟೆ ನಿಲ್ಲಿಸಿದ್ದನ್ನು ನೋಡಿ, ಒಂದು ಮಗು ತಲೆ ಸುತ್ತಿ ಬಿದ್ದ ಮೇಲೆ, ಇನ್ನು ಮುಂದೆ ನನ್ನ ಮಕ್ಕಳನ್ನು ಇದಕ್ಕೆ ಕಳಿಸುವುದಿಲ್ಲ ಅಂತ ಹೇಳಿ ಬಂದವಳು. ಅದು ಸ್ಕೌಟಿಂಗ್ ಅಲ್ಲ. ಹಾಗಾಗಿ ಸೇರಿಸುವ ಮೊದಲು ಶಾಲೆಗೆ ಹೋಗಿ ನಾಲ್ಕು ಮಾತು ಕೇಳಿ. ವಾರ ವಾರ ಕೂಟ ನಡೆಯುತ್ತದಾ, ಯಾವ ದಿನ? ದಳ ನಡೆಸುವವರಿಗೆ ತರಬೇತಿ ಆಗಿದೆಯಾ? ಹೊರಗೆ ಕರೆದುಕೊಂಡು ಹೋಗುವಾಗ ಕನಿಷ್ಠ ಇಬ್ಬರು ದೊಡ್ಡವರು ಇರುತ್ತಾರಾ, ಹುಡುಗಿಯರ ಜೊತೆ ಮಹಿಳೆಯರು ಇರುತ್ತಾರಾ? ಒಂದು ದಿನ ನಾನು ದೂರದಲ್ಲಿ ನಿಂತು ನೋಡಬಹುದಾ? ಕೊನೆಯದಕ್ಕೆ ಬೇಡ ಅಂದರೆ ನೀವೂ ಬೇಡ ಅನ್ನಿ. ಒಳ್ಳೆ ಫ್ಲಾಕ್ ಲೀಡರ್ ಆದವಳು ತಾಯಂದಿರು ಬಂದು ನೋಡಲಿ ಅಂತ ಕಾಯುತ್ತಿರುತ್ತಾಳೆ.

ತರಬೇತಿಯ ಮಾತು ಬಂತಲ್ಲ, ಇದು ಚಿಕ್ಕ ವಿಷಯ ಅಲ್ಲ. ಬೇಸಿಕ್ ಕೋರ್ಸ್, ಅದಾದ ಮೇಲೆ ಅಡ್ವಾನ್ಸ್ಡ್ ಕೋರ್ಸ್, ಆಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಅಂತ ಹಂತಗಳಿವೆ. ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರದ ಹತ್ತಿರದ ಅನಿಬೆಸೆಂಟ್ ಪಾರ್ಕ್, ದಾವಣಗೆರೆ ಜಿಲ್ಲೆಯ ಕೊಂಡಜ್ಜಿ, ಇವೆಲ್ಲ ನಮ್ಮಂಥ ಟೀಚರುಗಳು ದಿನಗಟ್ಟಲೆ ಇದ್ದು, ಮಕ್ಕಳ ಹಾಗೇ ಸಿಕ್ಸ್ ಮಾಡಿಕೊಂಡು, ಆಡಿ ಹಾಡಿ ಕಲಿತ ಜಾಗಗಳು. ನಮ್ಮ ನಾಡಿಗೆ ಇದು ಹೊಸದೂ ಅಲ್ಲ. ಭಾರತದಲ್ಲಿ ಸ್ಕೌಟ್ ಶುರುವಾದದ್ದೇ 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಆಗ ಭಾರತದ ಮಕ್ಕಳಿಗೆ ಅದರಲ್ಲಿ ಜಾಗ ಇರಲಿಲ್ಲ. ನಮ್ಮ ಮಕ್ಕಳಿಗೂ ಬೇಕು ಅಂತ ಮದ್ರಾಸಿನಲ್ಲಿ ಅನಿಬೆಸೆಂಟ್, ಉತ್ತರದಲ್ಲಿ ಮದನ ಮೋಹನ ಮಾಳವೀಯ ಇವರೆಲ್ಲ ಬೇರೆ ಬೇರೆ ಸಂಘ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ 1950ರ ನವೆಂಬರ್ 7ರಂದು ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು, 1951ರ ಆಗಸ್ಟ್ 15ರಂದು ಗೈಡ್‌ಗಳೂ ಬಂದು ಸೇರಿದರು. ನವೆಂಬರ್ 7ಕ್ಕೆ ಮಕ್ಕಳು ಧ್ವಜದ ಚೀಟಿ ಹಿಡಿದು ಮನೆಗೆ ಬಂದರೆ ಅದು ಇದರ ಹುಟ್ಟುಹಬ್ಬ ಅಂತ ಹೇಳಿಕೊಡಿ.

ಹಂತಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಪ್ರವೇಶ, ಆಗ ದೀಕ್ಷೆ ಕೊಟ್ಟು ಸ್ಕಾರ್ಫ್ ಹಾಕುತ್ತಾರೆ. ಆಮೇಲೆ ಕಬ್‌ಗೆ ಪ್ರಥಮ ಚರಣದಿಂದ ಚತುರ್ಥ ಚರಣದ ತನಕ, ಬುಲ್ಬುಲ್‌ಗೆ ಕೋಮಲ ಪಂಖ, ರಜತ ಪಂಖ, ಸ್ವರ್ಣ ಪಂಖ, ಹೀರಕ ಪಂಖ. ಪಂಖ ಅಂದರೆ ರೆಕ್ಕೆ, ಹಕ್ಕಿಗೆ ರೆಕ್ಕೆ ಬಲಿಯುತ್ತಾ ಹೋದ ಹಾಗೆ. ಕೊನೆಗೆ ಗೋಲ್ಡನ್ ಆರೋ. ನಿಮ್ಮ ಮಗನಿಗೆ ಉಳಿದಿರುವುದು ಎರಡೇ ವರ್ಷ, ಎಲ್ಲ ಮುಗಿಸಲೇಬೇಕು ಅಂತ ಓಡಿಸಬೇಡಿ. ಗೋಲ್ಡನ್ ಆರೋ ಸಿಗದೆ ಹೋದರೂ ಅವನು ಕಲಿತ ಗಂಟು ಅವನ ಕೈಯಲ್ಲೇ ಇರುತ್ತದೆ. ಮುಂದೆ ರೈಲ್ವೆ ಕೆಲಸಕ್ಕೆ ಸ್ಕೌಟ್ಸ್ ಕೋಟಾ ಇದೆ, ಅದಕ್ಕೆ ಸೇರಿಸಿ ಅಂತ ಯಾರಾದರೂ ನೆಂಟರು ಹೇಳುತ್ತಾರೆ. ಕೋಟಾ ಇರುವುದು ನಿಜ, ಆದರೆ ಅದು ದೊಡ್ಡವರಾದ ಮೇಲೆ ರಾಷ್ಟ್ರಪತಿ ಪುರಸ್ಕಾರದ ತನಕ ಹೋದವರ ಮಾತು. 6 ವರ್ಷದ ಮಗಳ ಮುಂದೆ ಆ ಮಾತು ಎತ್ತಬೇಡಿ. ಓದಿಗೆ ಏಟು ಬೀಳುತ್ತದಾ ಅನ್ನುವ ಭಯವೂ ಬೇಡ, ವಾರಕ್ಕೆ ಒಂದು ಗಂಟೆ ಅಲ್ವಾ.

ಖರ್ಚು ಇರುವುದು ಯೂನಿಫಾರ್ಮು, ಸ್ಕಾರ್ಫು, ವರ್ಷದ ನೋಂದಣಿ, ಆಗಾಗ ಕಬ್ ಬುಲ್ಬುಲ್ ಉತ್ಸವಕ್ಕೆ ಹೋದರೆ ಅದರ ಖರ್ಚು. ಉತ್ಸವ ಅಂದರೆ ಬೇರೆ ಬೇರೆ ಶಾಲೆಯ ಮಕ್ಕಳು ಸೇರಿ ಹಾಡು, ಆಟ, ಚಿತ್ರ ಅಂತ ದಿನ ಕಳೆಯುವುದು. ಹೋಗಲೇಬೇಕು ಅಂತ ಇಲ್ಲ, ಹೋದರೆ ಮಕ್ಕಳು ವರ್ಷಗಟ್ಟಲೆ ನೆನೆಸಿಕೊಳ್ಳುತ್ತಾರೆ. ಯೂನಿಫಾರ್ಮನ್ನು ಹೊಸದೇ ತರಬೇಡಿ, 10 ದಾಟಿ ಸ್ಕೌಟ್‌ಗೆ ಹೋದ ಮಕ್ಕಳದ್ದು ಗಟ್ಟಿಯಾಗಿಯೇ ಇರುತ್ತದೆ, ಮೇಡಂ ಹತ್ತಿರ ಕೇಳಿ. ದೀಕ್ಷೆಯ ದಿನ ಮಾತ್ರ ಇಬ್ಬರೂ ರಜೆ ಹಾಕಿ ಹೋಗಿ, ಅರ್ಧ ದಿನವಾದರೂ ಸರಿ. ಪ್ರತಿಜ್ಞೆ ಹೇಳುವಾಗ ಮಗು ಒಂದು ಸಲ ತಿರುಗಿ ನೋಡುತ್ತದೆ, ಆಗ ನೀವು ಕಾಣಬೇಕು. ಅಂದು ಮಗು ಮೊದಲ ಸಲ ಎಡಗೈ ಕುಲುಕುತ್ತದೆ, ಅದು ಸ್ಕೌಟ್‌ಗಳ ಕೈಕುಲುಕು, ನಿಮಗೂ ಎಡಗೈ ಚಾಚಿದರೆ ತಪ್ಪು ಅಂತ ತಿದ್ದಬೇಡಿ.

ಮೊದಲ ಕೂಟಕ್ಕೆ ಏನೂ ತರಬೇಡಿ ಅಂತ ಹೇಳಿರಬಹುದು. ಆದರೂ ಇಬ್ಬರಿಗೂ ಒಂದೊಂದು ಹಗ್ಗ ಕೊಂಡುಕೊಡಿ, ಕಿರುಬೆರಳು ದಪ್ಪದ ನೂಲಿನ ಹಗ್ಗ, ಎರಡು ಮೀಟರ್ ಸಾಕು. ನೈಲಾನ್ ಬೇಡ, ಜಾರುತ್ತದೆ. ಕತ್ತರಿಸಿದ ತುದಿ ಬಿಚ್ಚಿಕೊಳ್ಳದಂತೆ ಹೊಲಿಗೆ ದಾರ ಬಿಗಿಯಾಗಿ ಹತ್ತು ಸುತ್ತು ಸುತ್ತಬೇಕು. ಒಂದು ತುದಿ ನೀವು ಸುತ್ತಿ ತೋರಿಸಿ, ಇನ್ನೊಂದು ಅವರಿಗೇ ಬಿಡಿ. ಸಡಿಲವಾಗಿಯೇ ಇರುತ್ತದೆ, ಹಾಗೇ ಕಳಿಸಿ.